ನಾನೊಂದು ಆಡಳಿತ ವೆಚ್ಚ

ಸ್ವಯಂಸೇವಾ ಸಂಸ್ಥೆಗಳಲ್ಲಿ ಹಲವು ವರ್ಷ ದುಡಿದ ಮೇಲೆ, ನಾನು ಯಾರೆಂಬ ಪ್ರಶ್ನೆಗೆ ನನಗೆ ಉತ್ತರ ಕೊಟ್ಟದ್ದು ಯಾವ ಗುರುವೂ ಅಲ್ಲ, ಒಂದು ಬಜೆಟ್ ಹಾಳೆ. ದಾನಿ ಸಂಸ್ಥೆಯೊಂದು ತಿದ್ದಿ ಕಳುಹಿಸಿದ್ದ ಆ ಹಾಳೆಯಲ್ಲಿ ಸಾಮಗ್ರಿ, ಸಾಗಾಣಿಕೆ, ಕಾರ್ಯಾಗಾರ, ಛಾಯಾಚಿತ್ರ, ಬ್ಯಾನರ್ ಎಲ್ಲವೂ ‘ಕಾರ್ಯಕ್ರಮ’ ಎಂಬ ತಲೆಬರಹದ ಕೆಳಗೆ ಒಂದೊಂದು ಸಾಲು ಹಿಡಿದು ಗೌರವದಿಂದ ಕುಳಿತಿದ್ದವು. ಎಲ್ಲಕ್ಕಿಂತ ಕೆಳಗೆ, ಕಚೇರಿಯ ಬಾಡಿಗೆಗೂ ಪ್ರಿಂಟರಿನ ಶಾಯಿಗೂ ನಡುವೆ, ‘ಆಡಳಿತ ವೆಚ್ಚ’ ಎಂಬ ಗುಂಪಿನಲ್ಲಿ ನಾನಿದ್ದೆ. ಪಕ್ಕದಲ್ಲಿ ಕೆಂಪಕ್ಷರದ ಒಂದು ಟಿಪ್ಪಣಿಯಿತ್ತು: ‘ದಯವಿಟ್ಟು ಇದನ್ನು ಇನ್ನಷ್ಟು ಇಳಿಸಿ.’ ಅಷ್ಟು ಹೊತ್ತಿಗೆ ನಾನು ಸಾಕಷ್ಟು ಇಳಿದುಹೋಗಿದ್ದೆ. ಆದರೆ ಅದನ್ನು ಬರೆಯಲು ಹಾಳೆಯಲ್ಲಿ ಕಲಂ ಇರಲಿಲ್ಲ.

ದಾನಿಗಳ ಮನಸ್ಸನ್ನು ನಾನು ತಪ್ಪು ತಿಳಿಯುವವನಲ್ಲ. ತಾವು ಕೊಟ್ಟ ಹಣದ ನೂರಕ್ಕೆ ನೂರು ಭಾಗವೂ ನೇರವಾಗಿ ಫಲಾನುಭವಿಯ ಕೈಸೇರಬೇಕೆಂಬ ಅವರ ಆಸೆ ಉದಾತ್ತವಾದುದೇ. ಪುಸ್ತಕಗಳು ತಾವೇ ಗಂಟು ಕಟ್ಟಿಕೊಂಡು ಶಾಲೆಗೆ ನಡೆದುಹೋಗಬೇಕು, ಔಷಧಗಳು ರೋಗಿಯ ವಿಳಾಸವನ್ನು ದಾರಿಯಲ್ಲಿ ತಾವೇ ವಿಚಾರಿಸಿಕೊಳ್ಳಬೇಕು, ಕೊಳವೆಬಾವಿ ತನ್ನನ್ನು ತಾನೇ ಕೊರೆದುಕೊಂಡು, ಕೊರೆದದ್ದಕ್ಕೆ ರಸೀದಿಯನ್ನೂ ತಾನೇ ಬರೆದುಕೊಡಬೇಕು. ಇವುಗಳ ನಡುವೆ ಮನುಷ್ಯನೊಬ್ಬ ಕಾಣಿಸಿಕೊಂಡರೆ ಅದಕ್ಕೆ ಸೋರಿಕೆ ಎಂದು ಹೆಸರು. ವಿಮಾನ ಹತ್ತುವ ಯಾವ ಪ್ರಯಾಣಿಕನೂ, ನನ್ನ ಟಿಕೆಟ್ಟಿನ ಹಣವೆಲ್ಲ ಹಾರಾಟಕ್ಕೇ ಹೋಗಬೇಕು, ಪೈಲಟಿನ ಸಂಬಳಕ್ಕೆ ಅದರಲ್ಲಿ ಬಿಡಿಗಾಸೂ ಸೇರಕೂಡದು ಎಂದು ಹಟ ಹಿಡಿದದ್ದನ್ನು ನಾನು ಕೇಳಿಲ್ಲ. ‘ಕಾಯಕವೇ ಕೈಲಾಸ’ ಎಂಬ ಮಾತು ದುಡಿಮೆಗೆ ಸಲ್ಲಿಸಿದ ಗೌರವವೆಂದು ನಾವು ನಂಬಿಕೊಂಡು ಬಂದಿದ್ದೆವು. ಅನುದಾನ ಮಂಜೂರು ಮಾಡುವ ಸಮಿತಿಗಳು ಮಾತ್ರ ಅದನ್ನು ಕಾಯಕ ಇಲ್ಲಿ, ಸಂಬಳ ಕೈಲಾಸದಲ್ಲಿ ಎಂದು ಓದಿಕೊಂಡಿವೆ.

ಈ ಕ್ಷೇತ್ರದ ಹೆಸರುಗಳೇ ಇದಕ್ಕೆ ಕುಮ್ಮಕ್ಕು ಕೊಡುತ್ತವೆಯೇನೋ. 1945ರ ವಿಶ್ವಸಂಸ್ಥೆಯ ಸನ್ನದಿನ 71ನೆಯ ವಿಧಿಯಲ್ಲಿ ನಮ್ಮನ್ನು ‘ಸರ್ಕಾರೇತರ ಸಂಸ್ಥೆಗಳು’ ಎಂದು ಕರೆಯಲಾಯಿತು. ಆಮೇಲೆ ‘ಲಾಭರಹಿತ’ ಎಂಬ ಬಿರುದೂ ಬಳಕೆಗೆ ಬಂದಿತು. ತಾವು ಏನು ಎಂಬುದನ್ನು ಬಿಟ್ಟು ಏನಲ್ಲ ಎಂಬುದರಿಂದಲೇ ಗುರುತಿಸಿಕೊಳ್ಳುವ ಉದ್ಯೋಗ ಇದೊಂದೇ ಇರಬೇಕು. ಮುಂದಿನ ಹೆಸರು ‘ವೇತನೇತರ ಸಂಸ್ಥೆ’ ಎಂದಾಗಲಿ ಎಂಬುದು ನನ್ನ ವಿನಮ್ರ ಸಲಹೆ. ಅದಕ್ಕೆ ಸಂಧಿನಿಯಮದ ಒಪ್ಪಿಗೆಯಿದೆ, ಲೆಕ್ಕಪತ್ರದ ಒಪ್ಪಿಗೆಯೂ ಇದೆ.

ದಾನಿಗಳ ಕಣ್ಣಿನಲ್ಲಿ ಆದರ್ಶ ಕಾರ್ಯಕರ್ತ ಹೇಗಿರಬೇಕೆಂದು ತಿಳಿಯಲು ಹೆನ್ರಿ ಡ್ಯುನಾಂಟ್ ಅವರ ಬದುಕನ್ನು ನೋಡಿದರೆ ಸಾಕು. ತಮ್ಮ ವ್ಯಾಪಾರದ ಕೆಲಸಕ್ಕೆಂದು ಹೊರಟಿದ್ದ ಈ ಸ್ವಿಸ್ ವ್ಯಾಪಾರಿ 1859ರಲ್ಲಿ ಸೊಲ್ಫೆರಿನೊ ಕದನದ ಗಾಯಾಳುಗಳನ್ನು ಕಂಡು ಅಲ್ಲೇ ಶುಶ್ರೂಷೆಗೆ ನಿಂತರು, 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟಿಗೆ ಕಾರಣರಾದರು, 1867ರಲ್ಲಿ ದಿವಾಳಿಯಾದರು, ತಾವೇ ಕಟ್ಟಿದ ಸಂಸ್ಥೆಯಿಂದ ಹೊರಬಿದ್ದು ದಶಕಗಳ ಕಾಲ ಬಡತನದಲ್ಲಿ, ಮರೆತುಹೋದವರಾಗಿ ಬದುಕಿದರು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪುರಸ್ಕಾರದಲ್ಲಿ ಪಾಲು ಬಂದಾಗ, ಆ ಹಣವನ್ನೂ ತಮಗಾಗಿ ಖರ್ಚು ಮಾಡಿಕೊಳ್ಳದೆ, ತಮ್ಮನ್ನು ನೋಡಿಕೊಂಡವರಿಗೆ ಮತ್ತು ಸೇವಾಕಾರ್ಯಗಳಿಗೆ ಬರೆದಿಟ್ಟು 1910ರಲ್ಲಿ ಕಣ್ಣು ಮುಚ್ಚಿದರು. ಅವರ ಮಹತ್ವದ ಬಗ್ಗೆ ಎರಡು ಮಾತಿಲ್ಲ. ನನ್ನ ಆತಂಕವೆಲ್ಲ ಬೇರೆ: ಆ ಜೀವನಚರಿತ್ರೆಯನ್ನು ಇಂದಿನ ನೇಮಕಾತಿ ಜಾಹೀರಾತುಗಳು ಸೇವಾ ನಿಯಮಾವಳಿಯೆಂದು ತಿಳಿದುಕೊಂಡಂತಿದೆ. ‘ಸ್ನಾತಕೋತ್ತರ ಪದವಿ, 8 ವರ್ಷಗಳ ಅನುಭವ, ಮೂರು ಭಾಷೆ, ಒತ್ತಡದಲ್ಲಿ ದುಡಿಯುವ ಶಕ್ತಿ ಅಗತ್ಯ, ಸಂಬಳಕ್ಕಿಂತ ಸೇವೆಯನ್ನು ದೊಡ್ಡದೆಂದು ಭಾವಿಸುವವರಿಗೆ ಆದ್ಯತೆ’ ಎಂದು ಓದುವಾಗಲೆಲ್ಲ, ದಿವಾಳಿಯಾಗಲು ಎಷ್ಟು ದಿನಗಳ ಕಾಲಾವಕಾಶ ಕೊಡುತ್ತಾರೆ ಎಂದು ಕೇಳಬೇಕೆನಿಸುತ್ತದೆ.

ಈ ನಂಬಿಕೆಯನ್ನು ಉಳಿಸಿಕೊಡಲು ಸಂಸ್ಥೆಗಳು ಪಡುವ ಶ್ರಮ ಅಸಾಮಾನ್ಯವಾದುದು. ಅಮೆರಿಕದ ಸೇವಾ ಸಂಸ್ಥೆಗಳು ತೆರಿಗೆ ಇಲಾಖೆಗೆ ಸಲ್ಲಿಸಿದ ಎರಡು ಲಕ್ಷಕ್ಕೂ ಹೆಚ್ಚು ವಿವರಪತ್ರಗಳನ್ನು ಸಂಶೋಧಕರು ಹಿಂದೊಮ್ಮೆ ಪರಿಶೀಲಿಸಿದಾಗ, ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸಂಸ್ಥೆಗಳು ದೇಣಿಗೆ ಸಂಗ್ರಹಕ್ಕೆ ತಮಗೆ ಏನೇನೂ ಖರ್ಚಾಗಿಲ್ಲವೆಂದೂ, ಎಂಟರಲ್ಲೊಂದು ಸಂಸ್ಥೆ ಆಡಳಿತಕ್ಕೆ ಏನೇನೂ ಖರ್ಚಾಗಿಲ್ಲವೆಂದೂ ಘೋಷಿಸಿದ್ದು ಕಂಡುಬಂತು. ಅಂದರೆ, ಆಡಳಿತಕ್ಕೆ ಖರ್ಚಿಲ್ಲವೆಂಬ ಆ ಘೋಷಣೆಯನ್ನು ತುಂಬಿ, ಸಹಿ ಮಾಡಿ, ಅಂಚೆಗೆ ಹಾಕಿದ ಗುಮಾಸ್ತ ಆಕಾಶದಿಂದ ಇಳಿದು ಬಂದವನಿರಬೇಕು. 2009ರಲ್ಲಿ ಇದನ್ನೆಲ್ಲ ವಿವರಿಸಿದ ಲೇಖನವೊಂದು ಇದಕ್ಕೆ ಸೇವಾ ಸಂಸ್ಥೆಗಳ ‘ಹಸಿವಿನ ಚಕ್ರ’ ಎಂದು ಹೆಸರಿಟ್ಟಿತು. ದಾನಿಗಳು ಆಡಳಿತ ವೆಚ್ಚ ತೀರಾ ಕಡಿಮೆಯಿರಬೇಕೆಂದು ನಿರೀಕ್ಷಿಸುತ್ತಾರೆ, ಸಂಸ್ಥೆಗಳು ಹೇಗೋ ಅಷ್ಟನ್ನೇ ತೋರಿಸುತ್ತವೆ, ತೋರಿಸಿದ್ದನ್ನು ಕಂಡ ದಾನಿಗಳು ಇನ್ನೂ ಕಡಿಮೆಯಾಗಬಹುದಲ್ಲ ಎನ್ನುತ್ತಾರೆ. ಅದೇ ಲೇಖನದಲ್ಲಿ ಒಂದು ಸಂಸ್ಥೆಯ ಪ್ರಸ್ತಾಪವಿದೆ: ಅದರ ಮೇಜು ಕುರ್ಚಿಗಳು ಎಷ್ಟು ಹಳತಾಗಿ ಮುರಿದುಬಿದ್ದಿದ್ದವೆಂದರೆ, ಸಾಗಿಸಲು ಬಂದ ಕೂಲಿಯವರೇ ಅವನ್ನು ಮುಟ್ಟಲು ಒಪ್ಪಲಿಲ್ಲ. ಆ ಕೂಲಿಯವರ ಸ್ವಾಭಿಮಾನವನ್ನು ನಾನು ಮೆಚ್ಚುತ್ತೇನೆ. ಅದೇ ಕುರ್ಚಿಗಳಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಅಂಥ ಆಯ್ಕೆ ಇರಲಿಲ್ಲ.

2013ರಲ್ಲಿ ಸೇವಾ ಸಂಸ್ಥೆಗಳ ಮಾಹಿತಿ ಒದಗಿಸುವ ಮತ್ತು ಅವುಗಳಿಗೆ ಅಂಕ ಕೊಡುವ ಮೂರು ಅಮೆರಿಕನ್ ಸಂಸ್ಥೆಗಳು ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ಲೆಕ್ಕ ಒಂದನ್ನೇ ನೋಡಿ ಸಂಸ್ಥೆಯ ಯೋಗ್ಯತೆಯನ್ನು ಅಳೆಯಬೇಡಿರೆಂದು ಬೇಡಿಕೊಂಡವು. ಪತ್ರವನ್ನು ಎಲ್ಲರೂ ಓದಿ ತಲೆದೂಗಿದರು. ಆ ಪತ್ರವನ್ನು ಹಂಚುವುದಕ್ಕೆ ತಗುಲಿದ ಖರ್ಚು ಯಾವ ಕಲಮಿನಲ್ಲಿ ಬಂತೋ ಕಾಣೆ.

ಮನುಷ್ಯರ ಕೂಲಿಯೇ ಇಲ್ಲದ ಸೇವೆಯ ಕನಸು ಅತಿ ಸುಂದರವಾಗಿ ಅರಳಿದ್ದು ಆಫ್ರಿಕಾದ ಹಳ್ಳಿಗಳಿಗೆಂದು ರೂಪಿಸಿದ ಆಟದ ಪಂಪಿನಲ್ಲಿ. ಮಕ್ಕಳು ತಿರುಗಣೆಯ ಮೇಲೆ ಕುಳಿತು ಗಿರ‍್ರನೆ ತಿರುಗುತ್ತಾರೆ, ಅವರ ಆಟದ ಬಲದಿಂದಲೇ ನೆಲದಡಿಯ ನೀರು ಮೇಲಿನ ತೊಟ್ಟಿಗೆ ಏರುತ್ತದೆ, ತೊಟ್ಟಿಯ ಮೈಮೇಲೆ ಜಾಹೀರಾತು ಹಾಕಿ ನಿರ್ವಹಣೆಯ ಹಣವನ್ನೂ ಹುಟ್ಟಿಸಬಹುದು. ನೀರೆತ್ತುವವನಿಗೆ ಕೂಲಿ ಬೇಡ, ಕೂಲಿ ಕೇಳುವ ವಯಸ್ಸೂ ಅವನದಲ್ಲ. 2006ರಲ್ಲಿ ಅಮೆರಿಕ ಸರ್ಕಾರ ಮತ್ತು ಖಾಸಗಿ ದಾನಿಗಳು ಇದಕ್ಕೆ ದೊಡ್ಡ ಮೊತ್ತ ಘೋಷಿಸಿದರು. 2010ರೊಳಗೆ 4,000 ಪಂಪುಗಳ ಗುರಿ ಹಾಕಿಕೊಳ್ಳಲಾಯಿತು. 2009ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿತು: ಹೇಳಿದಷ್ಟು ಜನರಿಗೆ ಹೇಳಿದಷ್ಟು ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು. ಮಕ್ಕಳು ಆಡಿ ದಣಿದ ಮೇಲೆ, ಅಥವಾ ಶಾಲೆಗೆ ಹೋದ ಮೇಲೆ, ಆ ಭಾರದ ಚಕ್ರವನ್ನು ಹೆಂಗಸರು ಕೈಯಿಂದ ತಳ್ಳುತ್ತಿದ್ದರು. ಹಳೆಯ ಕೈಪಂಪೇ ಇದಕ್ಕಿಂತ ಸಲೀಸಾಗಿತ್ತು. ಅದರಲ್ಲಿ ಕೊರತೆಯೆಂದರೆ ಅದು ಛಾಯಾಚಿತ್ರದಲ್ಲಿ ನಗುತ್ತಿರಲಿಲ್ಲ. ಆ ಲೆಕ್ಕದ 27ನೆಯ ಗಂಟೆ ನನಗೆ ಹೊಸದೇನೂ ಆಗಿರಲಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಅದು ಬಹಳ ಹಿಂದೆಯೇ ಇತ್ತು.

ಏಕೆಂದರೆ ವರದಿಗಳನ್ನು ಬರೆಯುವುದು ಆ ಗಂಟೆಯಲ್ಲೇ. 1969ರ ಸುಮಾರಿಗೆ ಅಮೆರಿಕದ ವಿದೇಶಿ ನೆರವು ಸಂಸ್ಥೆಗಾಗಿ ರೂಪುಗೊಂಡ ‘ಲಾಗ್‌ಫ್ರೇಮ್’ ಎಂಬ, ಯೋಜನೆಯ ಗುರಿ, ಕೆಲಸ, ಅಳತೆಗಳನ್ನು ತುಂಬಿಕೊಡುವ ಚೌಕವಿದೆ. ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲು, ಒಟ್ಟು 16 ಮನೆ. ಜಗತ್ತಿನ ದುಃಖವೆಲ್ಲವೂ ಅದರೊಳಗೆ ಹಿಡಿಸಬೇಕು. ಕೊನೆಯ ಉದ್ದಸಾಲಿನ ಹೆಸರು ‘ಊಹೆಗಳು’. ಮಳೆ ಸಕಾಲಕ್ಕೆ ಬರುತ್ತದೆ, ಸರ್ಕಾರ ಬೀಳುವುದಿಲ್ಲ, ರೋಗ ಹರಡುವುದಿಲ್ಲ ಎಂಬುದನ್ನೆಲ್ಲ ಅಲ್ಲಿ ತುಂಬಿದರೆ, ಉಳಿದ 12 ಮನೆಗಳಲ್ಲಿ ನಾವು ಲೋಕೋದ್ಧಾರ ಮಾಡಬಹುದು. ಸಿಬ್ಬಂದಿ ಬದುಕಿರುತ್ತಾರೆ ಎಂಬುದನ್ನೂ ಒಮ್ಮೆ ಆ ಸಾಲಿಗೆ ಸೇರಿಸಿ ಕಳುಹಿಸಿದ್ದೆ. ಆಧಾರ ಒದಗಿಸಿ ಎಂದು ಮರುಟಪಾಲು ಬಂತು. ಚೌಕವೊಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ತಿಂಗಳ ವರದಿ, ತ್ರೈಮಾಸಿಕ ವರದಿ, ಹಣ ಬಳಕೆ ಪ್ರಮಾಣಪತ್ರ, ಫಲಾನುಭವಿಗಳ ಸಹಿಪಟ್ಟಿ, ಸಹಿ ಬಾರದವರ ಹೆಬ್ಬೆಟ್ಟಿನ ಪಟ್ಟಿ, ಯಶೋಗಾಥೆ ಎರಡು, ಅದಕ್ಕೆ ಒಪ್ಪುವ ಮುಖಗಳ ಚಿತ್ರ ನಾಲ್ಕು, ಎಲ್ಲವೂ ಒಬ್ಬೊಬ್ಬ ದಾನಿಯ ಒಂದೊಂದು ನಮೂನೆಯಲ್ಲಿ. ಒಬ್ಬರಿಗೆ ವಯಸ್ಸು 18ರಿಂದ ಶುರುವಾಗಬೇಕು, ಇನ್ನೊಬ್ಬರಿಗೆ 15ರಿಂದ. ಆದ್ದರಿಂದ ನಮ್ಮ ಹಳ್ಳಿಯೊಂದರ ಹುಡುಗಿ ಒಂದು ವರದಿಯಲ್ಲಿ ಸಬಲೀಕರಣಗೊಂಡ ಮಹಿಳೆ, ಮತ್ತೊಂದರಲ್ಲಿ ಇನ್ನೂ ರಕ್ಷಣೆ ಬೇಕಾದ ಮಗು. ಮೂಗಿಗಿಂತ ಮೂಗುತಿ ಭಾರವಾದ ಈ ಕಾಗದದ ರಾಶಿಯನ್ನು ಪಡೆದುಕೊಂಡ ಅಧಿಕಾರಿಯೇ ವರ್ಷಾಂತ್ಯದಲ್ಲಿ ಫೋನು ಮಾಡಿ, ‘ನಿಮ್ಮಲ್ಲಿ ಕಚೇರಿ ಕೆಲಸಕ್ಕೆ ಇಷ್ಟು ಜನ ಯಾಕೆ ಸಾರ್?’ ಎಂದು ಕಳಕಳಿಯಿಂದ ಕೇಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿ ಒಬ್ಬನೇ. ನಮ್ಮಲ್ಲಿ ಅನುಷ್ಠಾನ ಪಾಲುದಾರ, ಉಪ ಪಾಲುದಾರ, ಮೌಲ್ಯಮಾಪಕ ಎಂದು ಗರ್ಭಗುಡಿಯ ಬಾಗಿಲಿನವರೆಗೂ ಸಾಲು ನಿಂತಿದ್ದಾರೆ, ಒಬ್ಬೊಬ್ಬರೂ ತಮ್ಮ ಪಾಲಿನ ಆಡಳಿತ ವೆಚ್ಚವನ್ನು ಮುರಿದುಕೊಂಡೇ ಮುಂದಿನವರಿಗೆ ಪ್ರಸಾದ ದಾಟಿಸುತ್ತಾರೆ. ಸಾಲಿನ ಕೊನೆಯಲ್ಲಿ, ಹಳ್ಳಿಯಲ್ಲಿ ನಿಜವಾಗಿ ಓಡಾಡುವ ಸಣ್ಣ ಸಂಘಕ್ಕೆ ತಲುಪುವಾಗ, ಆಡಳಿತ ವೆಚ್ಚವೆಂಬುದು ನೈತಿಕ ಪತನವಾಗಿರುತ್ತದೆ. 2016ರಲ್ಲಿ ಇಸ್ತಾಂಬುಲ್‌ನ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ದೊಡ್ಡ ಸಂಸ್ಥೆಗಳೂ ಸೇರಿ, 2020ರ ಹೊತ್ತಿಗೆ ಮಾನವೀಯ ನೆರವಿನ ಶೇ 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೇ ತಲುಪಿಸುವುದಾಗಿಯೂ ವರದಿಯ ಹೊರೆಯನ್ನು ಇಳಿಸುವುದಾಗಿಯೂ ಮಾತು ಕೊಟ್ಟರು. 2020 ಬಂತು, ಹೋಯಿತು. ಶೇ 25 ಮಾತ್ರ ಬರಲಿಲ್ಲ. ಮಾತು ಎಷ್ಟರಮಟ್ಟಿಗೆ ನಡೆಯಿತು ಎಂಬುದರ ಮೇಲೆ ವರ್ಷವರ್ಷವೂ ಒಂದು ವರದಿ ಮಾತ್ರ ತಪ್ಪದೆ ಬಂದಿದೆ.

ಇನ್ನು ಸ್ವಯಂಸೇವಕರ ವಿಚಾರ. 1985ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಡಿಸೆಂಬರ್ 5ನ್ನು ಸ್ವಯಂಸೇವಕರ ದಿನವೆಂದು ಸಾರಿತು. ಆ ದಿನ ಕಂಪನಿಯೊಂದರ ನಲವತ್ತು ಮಂದಿ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ನಮ್ಮ ಕಲಿಕಾ ಕೇಂದ್ರದ ಗೋಡೆಗೆ ಬಣ್ಣ ಬಳಿಯಲು ಬರುತ್ತಾರೆ. ಅವರು ಒಳ್ಳೆಯವರು, ಮನಸ್ಸಿಟ್ಟೇ ಬಳಿಯುತ್ತಾರೆ, ಕಿಟಕಿಯ ಗಾಜನ್ನೂ ಬಿಡುವುದಿಲ್ಲ. ಅವರಿಗೆ ಬಕೆಟ್ಟು ತುಂಬಿಕೊಟ್ಟು, ಏಣಿ ಹಿಡಿದು, ಸಂಜೆ ಅವರು ಹೋದ ಮೇಲೆ ಗಾಜು ಕೆರೆದು ಶುಚಿ ಮಾಡುವವರು ನಾವು. ಸ್ವಯಂಸೇವಕನ ಒಂದು ಗಂಟೆಗೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿ ವರ್ಷವರ್ಷವೂ ಪ್ರಕಟಿಸುವ ಪದ್ಧತಿ ಅಮೆರಿಕದಲ್ಲಿದೆ. ಅಂಥ ದರವನ್ನು ಗಂಟೆಗಳಿಂದ ಗುಣಿಸಿ, ಬಂದ ಮೊತ್ತವನ್ನು ಸಮಾಜಕ್ಕೆ ಸಂದ ಕೊಡುಗೆ ಎಂದು ತೋರಿಸಲು ಅವಕಾಶವಿದೆ. ಹೀಗಾಗಿ ಸಂಬಳವಿಲ್ಲದೆ ಏಣಿ ಹತ್ತಿದವನ ಗಂಟೆ ಕೊಡುಗೆಯಾಯಿತು, ಸಂಬಳ ಪಡೆದು ಅದೇ ಏಣಿಯನ್ನು ಹಿಡಿದವನ ಗಂಟೆ ಹೊರೆಯಾಯಿತು. ನನ್ನ ಗಂಟೆಗೆ ಬೆಲೆ ಬರಬೇಕಾದರೆ ಅದಕ್ಕೆ ಬೆಲೆ ಕೊಡುವುದನ್ನು ನಿಲ್ಲಿಸಬೇಕು. ಇದರ ತರ್ಕದಲ್ಲಿ ದೋಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಕೊನೆಗೆ ನಮ್ಮ ಲೆಕ್ಕಿಗರು ಒಂದು ಉಪಾಯ ಹೂಡಿದರು. ನಾನು ಇಡಿಯಾಗಿ ಆಡಳಿತ ವೆಚ್ಚವಾಗಿರುವುದು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ನನ್ನನ್ನು ಹೋಳು ಮಾಡಿ ಯೋಜನೆಗಳಿಗೆ ಹಂಚಿಬಿಡುವುದು. ಈಗ ನಾನು ನೀರಿನ ಯೋಜನೆಯಲ್ಲಿ ಶೇ 40, ಶಿಕ್ಷಣದಲ್ಲಿ 25, ಆರೋಗ್ಯದಲ್ಲಿ 20, ಹವಾಮಾನದಲ್ಲಿ 15. ತಲೆಯ ಭಾಗವೊಂದು ಶೇ 10ರಷ್ಟು ಆಡಳಿತದಲ್ಲೇ ಉಳಿಯಿತು. ಅದನ್ನು ಯಾವ ಯೋಜನೆಯೂ ಕೇಳಲಿಲ್ಲ. ಕಳೆದ ತಿಂಗಳು ಜ್ವರ ಬಂದಾಗ ರಜೆಯ ಅರ್ಜಿಯನ್ನು ಐದು ಕಡೆ ಸಲ್ಲಿಸಬೇಕಾಯಿತು. ನಾಲ್ಕು ಕಡೆ ಮಂಜೂರಾಯಿತು, ಹವಾಮಾನದವರು ಒಪ್ಪಲಿಲ್ಲ. ಆದ್ದರಿಂದ ಎರಡು ದಿನ ನನ್ನ ಶೇ 15ರಷ್ಟು ಭಾಗ ಜ್ವರವಿಲ್ಲದೆ ಕಚೇರಿಗೆ ಹೋಗಿ ಬಂತು.

ಮೊನ್ನೆ ಲೆಕ್ಕಪರಿಶೋಧಕರ ಆಕ್ಷೇಪಣೆ ತಲುಪಿದೆ. ಎಲ್ಲ ಯೋಜನೆಗಳಲ್ಲಿ ಹರಡಿರುವ ನನ್ನನ್ನು ಕೂಡಿಸಿದಾಗ ಒಟ್ಟು ಶೇ 110 ಆಗುತ್ತದೆಯೆಂದೂ, ಹೆಚ್ಚುವರಿ ಶೇ 10ನ್ನು ಎಲ್ಲಿಂದ ಪಡೆಯಲಾಯಿತೋ ಅಲ್ಲಿಗೆ ಹಿಂದಿರುಗಿಸಿ, ಸ್ವೀಕರಿಸಿದವರಿಂದ ರಸೀದಿ ಪಡೆದು 15 ದಿನಗಳೊಳಗೆ ಸಲ್ಲಿಸಬೇಕೆಂದೂ ಅದರಲ್ಲಿ ಬರೆದಿದೆ. ರಾತ್ರಿ ಮನೆಗೆ ಬಂದು ಹೆಂಡತಿಗೆ ವಿಷಯ ತಿಳಿಸಿದೆ. ಹಿಂದಿರುಗಿಸಿದರೆ ತೆಗೆದುಕೊಳ್ಳಲು ತನಗೆ ಅಡ್ಡಿಯಿಲ್ಲವೆಂದೂ, ಆದರೆ ಇಷ್ಟು ವರ್ಷದ ಬಾಕಿಯೂ ಸೇರಿದರೆ ಮಾತ್ರ ರಸೀದಿಗೆ ಸಹಿ ಹಾಕುವುದಾಗಿಯೂ ಅವಳು ಹೇಳಿದಳು. ಬಾಕಿಯ ಮೊತ್ತವನ್ನು ನಾವಿಬ್ಬರೂ ಕುಳಿತು ಲೆಕ್ಕ ಹಾಕುತ್ತಿದ್ದೇವೆ. ಈ ಕೆಲಸವನ್ನು ಯಾವ ಯೋಜನೆಗೆ ಬರೆಯಬೇಕೆಂದು ಲೆಕ್ಕಿಗರನ್ನು ನಾಳೆ ಕೇಳಬೇಕು.