ಬೆಕ್ಕಿಗೆ ಹಾಲು, ಸೊಸೆಗೆ ಸೋಪು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೂ ಲೋಕಕ್ಕೆ ತಿಳಿದೇ ತಿಳಿಯುತ್ತದೆ. ನಮ್ಮ ಮನೆಯಲ್ಲಂತೂ ಕುಡಿದ ಕೆಲವು ಗಂಟೆಗಳ ಮೇಲೆ, ಆಗಷ್ಟೇ ಒಗೆದು ಮಡಿಸಿಟ್ಟ ಹೊದಿಕೆಯ ಮೂಲಕ, ಮೂಗಿಗೇ ತಿಳಿಯುತ್ತದೆ. ಬೆಳಿಗ್ಗೆ ಪ್ಯಾಕೆಟ್ ಹಾಲು ಕಾಯಿಸಿದೊಡನೆ ನಮ್ಮ ಅತ್ತೆಯವರು ಗಟ್ಟಿಹಾಲನ್ನು ಬೆಕ್ಕಿನ ತಟ್ಟೆಗೂ ನಾಯಿಯ ಬಟ್ಟಲಿಗೂ ಆರಿಸಿ ಹಾಕಿ, ಮಿಕ್ಕಿದ್ದಕ್ಕೆ ನೀರು ಬೆರೆಸಿ ಮನೆಮಂದಿಗೆಲ್ಲ ಕಾಫಿ ಮಾಡುತ್ತಾರೆ.

ಮರಿಗಳ ಕರುಳಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಧಾರಾಳವಾಗಿರುತ್ತದೆಂದೂ, ತಾಯಿಯ ಮೊಲೆ ಬಿಟ್ಟ ಮೇಲೆ ಅದು ಕಡಿಮೆಯಾಗುತ್ತ ಹೋಗುತ್ತದೆಂದೂ ಪಶುವೈದ್ಯರು ಅತ್ತೆಯವರಿಗೆ ತಾಳ್ಮೆಯಿಂದ ವಿವರಿಸಿದರು. ಹಸುವಿನ 100 ಗ್ರಾಂ ಹಾಲಿನಲ್ಲಿ ಲ್ಯಾಕ್ಟೋಸ್ ಸುಮಾರು 5 ಗ್ರಾಂ ಇರುತ್ತದೆ. ಒಡೆಯದೆ ಉಳಿದ ಈ ಸಕ್ಕರೆ ದೊಡ್ಡ ಕರುಳಿಗಿಳಿದು, ನೀರನ್ನು ತನ್ನತ್ತ ಸೆಳೆದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ, ವಾಯುವಾಗಿಯೂ ಭೇದಿಯಾಗಿಯೂ ಹೊರಬೀಳುತ್ತದೆ. ಕೆಲವು ಪ್ರಾಣಿಗಳು ಸ್ವಲ್ಪ ಹಾಲನ್ನು ಅರಗಿಸಿಕೊಳ್ಳುವುದುಂಟು. ನಮ್ಮವೆರಡೂ ಆ ಪಂಗಡಕ್ಕೆ ಸೇರಿದವಲ್ಲ. ನಾಯಿಯಂತೂ ಹಾಲು ಕುಡಿದ ಸಂಜೆ ಸೋಫಾದ ಕೆಳಗೆ ಮಲಗಿ, ನೆಂಟರು ಒಬ್ಬರ ಮುಖವನ್ನೊಬ್ಬರು ಅನುಮಾನದಿಂದ ನೋಡಿಕೊಳ್ಳುವಂತೆ ಮಾಡುತ್ತದೆ.

“ನಮ್ಮ ತವರಿನ ಬೆಕ್ಕುಗಳೆಲ್ಲ ಹಾಲು ಕುಡಿದೇ ಬದುಕಿದವು” ಎಂಬುದು ಅತ್ತೆಯವರ ಉತ್ತರ. ಇದರಲ್ಲಿ ಸುಳ್ಳಿಲ್ಲ. ಆದರೆ ಆ ಬೆಕ್ಕುಗಳ ಹೊಟ್ಟೆ ತುಂಬುತ್ತಿದ್ದುದು ಕಣಜದ ಇಲಿಗಳಿಂದ; ಹಾಲಿನಿಂದ ಆದ ಅನಾಹುತವನ್ನು ಅವು ಹಿತ್ತಲಿನ ಬಾಳೆಬುಡದಲ್ಲಿ ಮುಗಿಸಿ, ಮಣ್ಣು ಕೆದರಿ ಮುಚ್ಚಿ, ಏನೂ ತಿಳಿಯದವರಂತೆ ಒಳಬರುತ್ತಿದ್ದವು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಹಿತ್ತಲೂ ಇಲ್ಲ, ಬಾಳೆಬುಡವೂ ಇಲ್ಲ, ಇರುವುದು ನನ್ನ ಹೊದಿಕೆ ಮಾತ್ರ. ಬಿಸಿಹಾಲಿಟ್ಟು ಬೆಕ್ಕನ್ನು ಹಾಲಿಗೇ ಹೆದರಿಸಿದ ತೆನಾಲಿ ರಾಮಕೃಷ್ಣನ ಬಗ್ಗೆ ಚಿಕ್ಕಂದಿನಲ್ಲಿ ನನಗೆ ಸಿಟ್ಟಿತ್ತು. ಈಗ ಅಷ್ಟಿಲ್ಲ.

ನಾಯಿಯ ವಿಷಯದಲ್ಲಿ ರಾಜಿಯಾಯಿತು. ಹಾಲು ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಷ್ಟು ಭಾಗವನ್ನು ಆಮ್ಲವಾಗಿ ಬದಲಿಸುವುದರಿಂದ, ಉಪ್ಪು ಒಗ್ಗರಣೆಗಳಿಲ್ಲದ ಮೊಸರನ್ನ ಎರಡು ಚಮಚ ಅದಕ್ಕೆ ಒಗ್ಗಿತು. ಬೆಕ್ಕಿನ ಕಥೆ ಅಷ್ಟು ಸುಲಭದ್ದಲ್ಲ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ, ಅದನ್ನು ಹಾಲಿನತ್ತ ಎಳೆಯುವುದು ಮುಖ್ಯವಾಗಿ ಜಿಡ್ಡು ಎಂದು ನಾನೇ ಒಂದು ದಿನ ಊಟದ ಹೊತ್ತಿನಲ್ಲಿ ಪಾಂಡಿತ್ಯ ಮೆರೆದಿದ್ದೆ. ಮರುದಿನ ಬೆಳಿಗ್ಗೆ ತಟ್ಟೆಯ ಮುಂದೆ ಕುಳಿತ ಬೆಕ್ಕಿನ ಮೀಸೆ ಬೆಳ್ಳಗಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಹೇಳಿದರು: “ಹಾಲು ಕೊಡಬೇಡಿ ಅಂತ ಡಾಕ್ಟರು ಹೇಳಿದ್ದು ನನಗೆ ನೆನಪಿದೆಯಮ್ಮ. ಇದು ಹಾಲಲ್ಲ, ಕೆನೆ.”