ಚಿಕ್ಕ ಮಕ್ಕಳ ಸಂಗೀತ ಪಾಠ ಹಾರ್ಮೋನಿಯಂ ಪೇಟಿಯಿಂದಲೇ ಶುರುವಾಗಬೇಕೆ?

ಪರ: ಪೇಟಿ ಇರಲಿ

ಬೆಳಗಾವಿ ಕಡೆಗೆ ಪೇಟಿ ಹೊಸದಲ್ಲ. ಪಂಡಿತ ರಾಮಭಾವು ಬಿಜಾಪುರೆ ಅವರು ಪೇಟಿ ನುಡಿಸಿ, ಕಲಿಸಿ ಬಾಳಿದ ಊರಿದು. ಹಳ್ಳಿಯ ಭಜನೆಗೂ ಪೇಟಿ ಬೇಕು. ಶಾಲೆಯಲ್ಲಿ ಅದರ ಉಪಯೋಗವೆಂದರೆ ಸ್ವರ ಕಣ್ಣಿಗೆ ಕಾಣುತ್ತದೆ. ಬಿಳಿ ಒಂದನ್ನು, ಅಂದರೆ ಸಪ್ತಕದ ಮೊದಲ ಬಿಳಿ ಮನೆಯನ್ನು (ಬೆರಳಿಂದ ಒತ್ತುವ ಪಟ್ಟಿಯನ್ನು), ಷಡ್ಜ (ಸಾ) ಮಾಡಿಕೊಂಡರೆ ಬರೀ ಬಿಳಿ ಮನೆಗಳಲ್ಲೇ ಬಿಲಾವಲ್, ಅಂದರೆ ಏಳು ಶುದ್ಧ ಸ್ವರಗಳ ಸಾಲು, ಮುಗಿಯುತ್ತದೆ. ಐದು ಬೆರಳು ಐದು ಮನೆಯ ಮೇಲಿಟ್ಟರೆ ಸಾ ರೆ ಗ ಮ ಪ.

ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿ ಕನ್ನಡದ ಮಾಸ್ತರರೇ ಹಾಡು ಹೇಳಿಕೊಡಬೇಕು. ಅವರ ಷಡ್ಜ ಇವತ್ತು ಮೇಲೆ, ನಾಳೆ ಕೆಳಗೆ. ಪೇಟಿ ನಿನ್ನೆಯದನ್ನೇ ಇವತ್ತೂ ಕೊಡುತ್ತದೆ. ಬೇಸಿಗೆಯ ಧೂಳಿಗೆ ಒಂದು ಸ್ವರ ಮೂಕಾದರೆ ಸ್ವರ ಹೊರಡಿಸುವ ಲೋಹದ ನಾಲಿಗೆಗಳಿರುವ ರೀಡಿನ ಹಲಗೆ ತೆಗೆದು, ಆ ನಾಲಿಗೆಯಡಿ ತೆಳು ಕಾಗದ ಆಡಿಸಿದರೆ ಸಾಕು. ನಾಲಿಗೆ ಬಗ್ಗಿಸಬಾರದು, ಶ್ರುತಿ ಕೆಡುತ್ತದೆ.

ಪಾಠವೆಲ್ಲ ಪೇಟಿಯ ಮೇಲೆಯೇ ನಡೆಯಲಿ ಎಂದು ನಾನೂ ಹೇಳುವುದಿಲ್ಲ. ಶುರುವಿಗೆ ಅನುಕೂಲ, ಅಷ್ಟೆ.

ವಿರೋಧ: ಮೊದಲು ಕಿವಿ ತೆರೆಯಲಿ

ಇಪ್ಪತ್ತು ಮಕ್ಕಳನ್ನು ಪೇಟಿಯ ಜೊತೆ ಹಾಡಿಸಿ. ಎಲ್ಲ ಸರಿ ಇದ್ದಂತೆ ಕೇಳುತ್ತದೆ. ಈಗ ಷಡ್ಜ ಒಂದನ್ನು ಒತ್ತಿ ಕೈ ತೆಗೆಯಿರಿ. ಮಕ್ಕಳೇ ಸಾ ರೆ ಗ ಪ ಹೇಳಿ ಮರಳಿ ಷಡ್ಜಕ್ಕೆ ಬರಲಿ. ಅದೇ ಮನೆ ಮತ್ತೆ ಒತ್ತಿ ನೋಡಿ: ಹೆಚ್ಚಿನ ಸಲ ಮಕ್ಕಳ ಷಡ್ಜ ಕೆಳಗೆ ಜಾರಿರುತ್ತದೆ. ಅಲ್ಲಿಯವರೆಗೆ ಪೇಟಿಯ ಸದ್ದು ಅದನ್ನು ಮುಚ್ಚಿತ್ತು. ಪೇಟಿ ಒಂದೊಂದೇ ಸ್ವರ ಹೇಳಿಬಿಟ್ಟರೆ ಮಗು ಕಾಯ್ದು ಅದರ ಬೆನ್ನು ಹಿಡಿಯುತ್ತದೆ, ಮುಂದಿನ ಸ್ವರವನ್ನು ತಾನೇ ಹುಡುಕುವುದಿಲ್ಲ. ಮಾಸ್ತರರ ಎರಡೂ ಕೈ ಪೇಟಿಗೆ, ಕಣ್ಣು ಮನೆಗಳ ಮೇಲೆ. ಹಿಂದಿನ ಸಾಲಿನ ಹುಡುಗಿ ಬರೀ ತುಟಿ ಆಡಿಸುತ್ತಿರುವುದು ಅವರಿಗೆ ಹೇಗೆ ಕಂಡೀತು?

ತಾಳದಿಂದ ಶುರು ಮಾಡಿ. ಕೆಹರ್ವಾ ತಾಳ, ಎಂಟು ಮಾತ್ರೆ (ಎಣಿಕೆ): ಒಂದಕ್ಕೆ ಚಪ್ಪಾಳೆ, ಐದಕ್ಕೆ ಖಾಲಿ, ಅಂದರೆ ಸದ್ದಿಲ್ಲದೆ ಕೈ ಬೀಸುವುದು. ಮಕ್ಕಳು ಓಡುವುದು ಖಾಲಿಯಲ್ಲೇ, ಸದ್ದಿಲ್ಲದ ಜಾಗಕ್ಕೆ ಪೂರ್ತಿ ಹೊತ್ತು ಕೊಡುವುದಿಲ್ಲ. ಅಲ್ಲಿ ಬೋಲನ್ನು (ತಾಳದ ನುಡಿಯನ್ನು) ಪಿಸುಮಾತಿನಲ್ಲಿ ಹೇಳಿಸಿ, ಕಾಲು ಎತ್ತಿ ಇಡಿಸಿ, ಓಟ ನಿಲ್ಲುತ್ತದೆ. ದಿನಕ್ಕೆ ಹತ್ತು ನಿಮಿಷ, ಎರಡು ವಾರ. ಆಮೇಲೆ ತಂಬೂರಿ ಹಿಂದೆ ಇಟ್ಟು, ಮೊಬೈಲಿನದಾದರೂ ನಡೆದೀತು, ಭೂಪ ರಾಗದ ಐದು ಸ್ವರ: ಸಾ ರೆ ಗ ಪ ಧ. ಮ, ನಿ ಇಲ್ಲದ್ದರಿಂದ ಅರ್ಧ ಸ್ವರದ ಇಕ್ಕಟ್ಟಿಲ್ಲ. ಷಡ್ಜ ಕರಿ ಒಂದು (ಮೊದಲ ಕರಿ ಮನೆ) ಇಲ್ಲವೇ ಬಿಳಿ ಎರಡರಲ್ಲಿರಲಿ. ಒಂದನೇ, ಎರಡನೇ ತರಗತಿಯವರನ್ನು ಮೇಲಿನ ಷಡ್ಜಕ್ಕೆ ಎಳೆದರೆ ಹಾಡು ಹೋಗಿ ಕಿರಿಚಾಟವಾಗುತ್ತದೆ.

ಪೇಟಿ ಇಲ್ಲದೆ ಮಕ್ಕಳಿಗೆ ಶ್ರುತಿಯೇ ಸಿಗದು ಎನ್ನುವವರಿಗೆ ಒಂದು ಮಾತು: ರಾಶಿಯ ಕಣದಲ್ಲಿ ಎತ್ತು ತುಳಿಸುತ್ತ ಹಂತಿಪದ ಹಾಡಿದವರು ಯಾವ ಪೇಟಿ ಇಟ್ಟುಕೊಂಡಿದ್ದರು? ಸವದತ್ತಿ ಎಲ್ಲಮ್ಮನ ಭಕ್ತರು ನುಡಿಸುವ ಚೌಡಿಕೆ ಎಂಬ ವಾದ್ಯದ ತಂತಿ ಜಗ್ಗಿ ಬಿಟ್ಟಾಗ ಏರಿ ಇಳಿಯುವ ಸ್ವರ ಎರಡು ಮನೆಗಳ ನಡುವೆ ಇರುತ್ತದೆ, ಪೇಟಿಗೆ ಅದು ಸಿಗುವುದೇ ಇಲ್ಲ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬಾರದೆಂಬ ಆಕ್ಷೇಪವೂ ಸೇರಿ ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು. 1924ರಲ್ಲಿ ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಬಾಲ್ಯದಲ್ಲೇ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ದೊಡ್ಡ ಗಾಯಕರಂತೆಯೇ ಹಾಡುತ್ತಿದ್ದರು. ಕಿವಿ ಮೊದಲು ಎನ್ನುವುದಕ್ಕೆ ಇನ್ನೇನು ಬೇಕು?

ಪೇಟಿ ನಾಲ್ಕನೇ ತರಗತಿಗೆ ಬರಲಿ. ಅಷ್ಟರಲ್ಲಿ ಎಡಗೈಗೆ ತಿದಿ ಆಡಿಸುವ ಹದ ಬಂದಿರುತ್ತದೆ. ಚಿಕ್ಕವರು ಗಾಳಿಯನ್ನೆಲ್ಲ ಒಮ್ಮೆಲೇ ಒತ್ತಿ ಖಾಲಿ ಮಾಡುತ್ತಾರೆ, ಪಂಚಮ ತಲುಪುವಷ್ಟರಲ್ಲಿ ಸದ್ದೇ ಇರುವುದಿಲ್ಲ.