ಕತ್ತಲಲ್ಲಿ ದೀಪ ಹಚ್ಚಿದ ಗ್ರಹಾಂ ಕ್ಲೇಟರ್

ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ನಲ್ಲಿ ಜನ ರೈಲಿಗೆ ಕ್ಯೂ ನಿಲ್ಲೋ ಜಾಗಕ್ಕೆ ಕ್ಲೇಟರ್ ಕಾನ್‌ಕೋರ್ಸ್ ಅಂತ ಹೆಸರು. ಆಮ್‌ಟ್ರ್ಯಾಕ್ ಅನ್ನೋ, ಸರ್ಕಾರದ ದುಡ್ಡಿನ ನೆರವಲ್ಲಿ ನಡೆಯೋ ಅಮೆರಿಕದ ಪ್ಯಾಸೆಂಜರ್ ರೈಲು ಕಂಪನಿ ನಡೆಸಿದ ಗ್ರಹಾಂ ಕ್ಲೇಟರ್ ಅವರ ಹೆಸರು ಅದು. ನಂಗೆ ಮಾತ್ರ ಅವರು ಅಂದ್ರೆ ಮೊದಲು ನೆನಪಾಗೋದು ಸಮುದ್ರ.

1945ರ ಆಗಸ್ಟ್ 2. ಇಂಡಿಯಾನಾಪೊಲಿಸ್ ಅನ್ನೋ ಅಮೆರಿಕದ ಯುದ್ಧನೌಕೆನ ಜಪಾನಿನ ಸಬ್‌ಮರೀನ್ ಮುಳುಗಿಸಿ ನಾಲ್ಕನೇ ದಿನ, ಹಡಗು ಯಾಕೆ ಬರ್ಲಿಲ್ಲ ಅಂತ ಯಾರೂ ಹುಡುಕಿರ್ಲಿಲ್ಲ, ನೂರಾರು ನಾವಿಕರು ಲೈಫ್ ಜಾಕೆಟ್ ನಂಬ್ಕೊಂಡು, ಕುಡಿಯೋಕೆ ಹನಿ ನೀರಿಲ್ದೆ, ಶಾರ್ಕ್‌ಗಳ ಮಧ್ಯ ತೇಲ್ತಿದ್ರು. ನೀರಲ್ಲಿ ಜನ ಇದಾರೆ ಅಂತ ವಿಮಾನದವರು ಹೇಳಿದ್ದು ಕಿವಿಗೆ ಬಿದ್ದಿದ್ದೇ ತಡ, ಸೆಸಿಲ್ ಡಾಯ್ಲ್ ಹಡಗಿನ ಕಮಾಂಡರ್ ಆಗಿದ್ದ ಕ್ಲೇಟರ್ ಆರ್ಡರ್‌ಗೆ ಕಾಯದೆ ಹಡಗು ತಿರುಗಿಸಿದ್ರು. ರಾತ್ರಿ ಆಯ್ತು. ಶತ್ರು ಸಬ್‌ಮರೀನ್ ಓಡಾಡೋ ಕಡೆ ಲೈಟ್ ಹಾಕೋದು ಅಂದ್ರೆ ಬಂದು ಹೊಡಿ ಅಂತ ಕರೆದ ಹಾಗೆ. ಆದ್ರೂ ಸರ್ಚ್‌ಲೈಟ್ ಮೋಡಕ್ಕೆ ತಿರುಗಿಸಿ ಹಚ್ಚೇಬಿಟ್ರು, ಯಾರೋ ಬರ್ತಿದಾರೆ ಅಂತ ನೀರಲ್ಲಿರೋರಿಗೆ ಗೊತ್ತಾಗ್ಲಿ ಅಂತ. ಕೈಚೆಲ್ಲೋ ಸ್ಥಿತೀಲಿದ್ದವರು ಆ ಬೆಳಕು ನೋಡ್ಕೊಂಡು ಉಸಿರು ಹಿಡ್ಕೊಂಡ್ರು. ಸುಮಾರು 1,200 ಜನರಲ್ಲಿ ಉಳಿದವರು 316.

ಹಾರ್ವರ್ಡ್‌ನಲ್ಲಿ ಲಾ ಓದಿದ್ದ ಮನುಷ್ಯ, ಯುದ್ಧ ಮುಗಿದ್ಮೇಲೆ ವಕೀಲಿಕೆಗೆ ವಾಪಸ್ ಹೋದ್ರು. 1963ರಲ್ಲಿ ಅಮೆರಿಕದ ಸದರ್ನ್ ರೈಲ್ವೆ ಅನ್ನೋ ಖಾಸಗಿ ಕಂಪನಿ ಸೇರಿ 1967ಕ್ಕೆ ಅದರ ಪ್ರೆಸಿಡೆಂಟ್. 1971ರಲ್ಲಿ ಅಮೆರಿಕದ ಹೆಚ್ಚಿನ ಕಂಪನಿಗಳು ಪ್ಯಾಸೆಂಜರ್ ರೈಲು ಅನ್ನೋ ತಲೆನೋವನ್ನ ಆಮ್‌ಟ್ರ್ಯಾಕ್‌ಗೆ ಒಪ್ಪಿಸಿ ಕೈ ತೊಳ್ಕೊಂಡವು, ಕ್ಲೇಟರ್ ಒಪ್ಲಿಲ್ಲ. ನಷ್ಟ ಆದ್ರೂ ಸದರ್ನ್ ಕ್ರೆಸೆಂಟ್ ರೈಲನ್ನ ಕಂಪನೀನೇ ಓಡಿಸ್ತು, ಆಮ್‌ಟ್ರ್ಯಾಕ್ ಕೈಗೆ ಹೋಗಿದ್ದು 1979ರಲ್ಲಿ, ಅಷ್ಟೊತ್ತಿಗೆ ಇವರು ಅಲ್ಲಿರ್ಲಿಲ್ಲ. ರೈಲಿನ ಹುಚ್ಚು ಎಷ್ಟಿತ್ತು ಅಂದ್ರೆ, ಕಂಪನಿ ಯಜಮಾನನಾಗಿದ್ದಾಗ್ಲೂ ಹಸಿರು ಬಣ್ಣದ 4501 ಸ್ಟೀಮ್ ಇಂಜಿನ್ ಹತ್ತಿ ತಾವೇ ಓಡಿಸ್ತಿದ್ರು. ರೈಲು ನಡೆಸೋಕೆ ಇಂಥವರೇ ಬೇಕು ಅಂತ ನಾನು ಎಷ್ಟು ಜನರ ಹತ್ರ ವಾದ ಮಾಡಿದೀನೋ ಲೆಕ್ಕ ಇಲ್ಲ, ಬರೀ ಬ್ಯಾಲೆನ್ಸ್ ಶೀಟ್ ನೋಡೋರ ಕಣ್ಣಿಗೆ ಪ್ಯಾಸೆಂಜರ್ ಕಾಣಲ್ಲ.

ಮಧ್ಯದಲ್ಲಿ ಕಾರ್ಟರ್ ಸರ್ಕಾರದಲ್ಲಿ ನೌಕಾಪಡೆ ಕಾರ್ಯದರ್ಶಿ, ಆಮೇಲೆ ರಕ್ಷಣಾ ಉಪಕಾರ್ಯದರ್ಶಿ. 1982ರಲ್ಲಿ, ಎಪ್ಪತ್ತನೇ ವಯಸ್ಸಲ್ಲಿ, ಆಮ್‌ಟ್ರ್ಯಾಕ್ ಹೊತ್ಕೊಂಡ್ರು. 1985ರಲ್ಲಿ ರೇಗನ್ ಸರ್ಕಾರ ಇದಕ್ಕೆ ಒಂದು ಪೈಸೆನೂ ಕೊಡಬಾರ್ದು ಅಂತ ಬಜೆಟ್ ತಂತು. ಕ್ಲೇಟರ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದೆ ಕೂತು ವಾದಿಸಿದ್ರು, ರೈಲು ನಿಲ್ಲಲಿಲ್ಲ. ಖರ್ಚಿನ ಅರ್ಧಕ್ಕೂ ಸಾಲದೆ ಇದ್ದ ಸಂಪಾದನೆ ಇವರ ಕಾಲದಲ್ಲಿ ಮುಕ್ಕಾಲು ಭಾಗ ದಾಟ್ತು. ಈಗಲೂ ಆಮ್‌ಟ್ರ್ಯಾಕ್ ದಂಡ ಅನ್ನೋರಿಗೆ ಈ ಹತ್ತು ವರ್ಷದ ಲೆಕ್ಕ ಒಂದ್ಸಲ ತೆಗೆದು ನೋಡಿ ಅಂತೀನಿ.

1993ರಲ್ಲಿ ಕೆಲಸ ಬಿಟ್ಟಾಗ 81 ವರ್ಷ. ಮರುವರ್ಷ ಮೇ ತಿಂಗಳಲ್ಲಿ ತೀರ್ಕೊಂಡ್ರು.